ಹುಲ್ಲಿನ ಪಟ್ಟಿ ಹಾಕಿ ಎರಡು ವರ್ಷ ಆಯ್ತು, ಹೊಂಡ ಇನ್ನೂ ಹಸಿರೇ ಇದೆ

ಕೆಸರುಕಾಲು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನನ್ನದು ಇಳಿಜಾರಿನ ಹೊಲ, ಆರು ಎಕರೆ. ಕೆಳಗಡೆ ಅರ್ಧ ಎಕರೆಯ ಹೊಂಡ ಇದೆ, ತುಂಬಿದರೆ ಎರಡು ಮೀಟರ್ ಆಳ. ಅಲ್ಲಿಂದ ಹರಿದ ನೀರು ಹಳ್ಳ ಸೇರಿ ಮುಂದೆ ದೊಡ್ಡ ಕೆರೆಗೆ ಹೋಗುತ್ತದೆ. ಐದಾರು ವರ್ಷದಿಂದ ಒಂದೇ ಕಥೆ. ಮಳೆ ಹಿಡಿದು ಮೂರು ವಾರಕ್ಕೆ ನೀರಿಗೆ ಹಸಿರು ಬರುತ್ತದೆ, ಆಮೇಲೆ ಬಣ್ಣ ಕದಡಿದ ಹಾಗೆ ಗಟ್ಟಿಯಾಗುತ್ತದೆ, ಗಾಳಿ ತಳ್ಳಿದ ಮೂಲೆಯಲ್ಲಿ ಕೆನೆ ಕಟ್ಟಿ ನಾತ. ಕಳೆದ ವರ್ಷ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಹೊಲದಿಂದ ಬರುವ ರಂಜಕವೇ ಕಾರಣ ಅಂತ ಓದಿದ್ದೆ. ಅದಕ್ಕೇ ಹೊಲದ ಕೆಳ ಅಂಚಿಗೆ ಉದ್ದಕ್ಕೂ ಮೂರು ಮೀಟರ್ ಅಗಲಕ್ಕೆ ಹುಲ್ಲು ಬೆಳೆಸಿದೆ. ಎರಡು ವರ್ಷ ಆಯ್ತು. ಹೂಳು ಬರುವುದು ಕಡಿಮೆಯಾಗಿದೆ, ಅದು ಕಣ್ಣಿಗೇ ಕಾಣುತ್ತದೆ. ಪಾಚಿ ಮಾತ್ರ ಒಂದು ಚೂರೂ ಕಡಿಮೆಯಾಗಿಲ್ಲ, ಈ ವರ್ಷ ಜಾಸ್ತಿಯೇ ಅನ್ನಿಸುತ್ತದೆ. ನಾನೇನು ಗೊಬ್ಬರ ಸುರಿಯುವವನಲ್ಲ. ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ರಾಸಾಯನಿಕ ಗೊಬ್ಬರ), ಜೊತೆಗೆ ಕೊಟ್ಟಿಗೆ ಗೊಬ್ಬರ, ಅಷ್ಟೇ. ಗೊಬ್ಬರ ಮಾರುವವರನ್ನು ಕೇಳಿದರೆ ಪಟ್ಟಿ ಹತ್ತು ಮೀಟರ್ ಮಾಡಿ ಅಂದರು. ಅಷ್ಟು ಜಾಗ ಬಿಟ್ಟುಕೊಟ್ಟರೆ ನನಗೆ ಉಳಿಯುವುದೇನು? ಮಾಡಿದ ಅನುಭವ ಇದ್ದವರು ಹೇಳಿ.

ಮಣ್ಣುಹುಳ
ಅಗಲ ಮಾಡುವ ಮೊದಲು ಸ್ವಲ್ಪ ನಿಲ್ಲಿ. ನಿಮ್ಮ ಹುಲ್ಲು ಅದರ ಕೆಲಸ ಮಾಡಿದೆ. ಹೂಳು ನಿಂತಿದೆ ಅಂತ ನೀವೇ ಬರೆದಿದ್ದೀರಿ.

ರಂಜಕ ಹೊಲ ಬಿಟ್ಟು ಹೋಗುವುದು ಎರಡು ವೇಷದಲ್ಲಿ. ಒಂದು, ಮಣ್ಣಿನ ಕಣಕ್ಕೆ ಅಂಟಿಕೊಂಡು. ಮಣ್ಣು ಕೊಚ್ಚಿದರೆ ಅದೂ ಹೋಗುತ್ತದೆ. ಇನ್ನೊಂದು, ನೀರಿನಲ್ಲಿ ಕರಗಿ. ಹುಲ್ಲು ನೀರಿನ ವೇಗ ಇಳಿಸುತ್ತದೆ, ಕಣ ಅಲ್ಲೇ ಕೂರುತ್ತದೆ, ಹಾಗಾಗಿ ಮೊದಲನೆಯದಕ್ಕೆ ತಡೆ. ಕರಗಿದ್ದು ಹುಲ್ಲಿನ ನಡುವೆ ಆರಾಮಾಗಿ ಹಾದು ಹೋಗುತ್ತದೆ. ನೀರು ಅಲ್ಲೇ ಇಂಗಿದರೆ ಮಾತ್ರ ಸ್ವಲ್ಪ ಸಿಗುತ್ತದೆ. ಪಾಚಿಗೆ ಬೇಕಾಗಿರುವುದು ಆ ಕರಗಿದ್ದೇ. ಕಣಕ್ಕೆ ಅಂಟಿದ್ದನ್ನು ಅದು ನಿಧಾನವಾಗಿ, ಒಂದು ಭಾಗವನ್ನು ಮಾತ್ರ ತಿನ್ನಬಲ್ಲದು. ಕರಗಿದ್ದಾದರೆ ಸೀದಾ ಬಾಯಿಗೆ.

ಇನ್ನೊಂದು ಲೆಕ್ಕ ನೋಡಿ. ನಿಂತ ನೀರಿನಲ್ಲಿ ಒಟ್ಟು ರಂಜಕ ಲೀಟರಿಗೆ 0.03 ಮಿಲಿಗ್ರಾಂ ಆಸುಪಾಸು ಇದ್ದರೆ ಹಸಿರಾಗಲು ಸಾಕು. ನಿಮ್ಮ ಹೊಂಡ ಸುಮಾರು 2000 ಚದರ ಮೀಟರ್, ಎರಡು ಮೀಟರ್ ಆಳ, ಅಂದರೆ 40 ಲಕ್ಷ ಲೀಟರ್. ಗುಣಿಸಿ. 120 ಗ್ರಾಂ ರಂಜಕ. ಡಿಎಪಿಯಲ್ಲಿ ಶುದ್ಧ ರಂಜಕ ನೂರಕ್ಕೆ 20ರಷ್ಟು (ಚೀಲದ ಮೇಲಿನ 46 ಅನ್ನುವುದು ಪಿ2ಒ5, ಅಂದರೆ ಆಮ್ಲಜನಕ ಸೇರಿದ ರಂಜಕದ ಲೆಕ್ಕ, ಅದನ್ನು 0.44ರಿಂದ ಗುಣಿಸಬೇಕು). ಆರುನೂರು ಗ್ರಾಂ ಡಿಎಪಿ ಪೂರ್ತಿ ಕರಗಿ ಹೊಂಡ ಸೇರಿದರೆ ಸಾಕು, ಕಥೆ ಮುಗಿಯಿತು.

ಸುಮ್ನೆ ಕೇಳ್ದೆ
ಆರುನೂರು ಗ್ರಾಂ?! ಸೊನ್ನೆ ಎಲ್ಲೋ ಬಿಟ್ಟುಹೋಗಿದೆ ಅನ್ಕೋತೀನಿ, ಇನ್ನೊಂದು ಸಲ ನೋಡಿ ಸರ್.

ಮಣ್ಣುಹುಳ
ಬಿಟ್ಟುಹೋಗಿಲ್ಲ. ನೀವೇ ಮಾಡಿ ನೋಡಿ. ಈ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ. ರೈತನ ತಕ್ಕಡಿ ಬೇರೆ, ನೀರಿನ ತಕ್ಕಡಿ ಬೇರೆ. ಬೆಳೆ ಚೆನ್ನಾಗಿ ಬರಬೇಕಾದರೆ ಬೇರಿನ ಸುತ್ತಲ ಮಣ್ಣಿನ ನೀರಿನಲ್ಲೇ ಲೀಟರಿಗೆ 0.2 ಮಿಲಿಗ್ರಾಂ ಹತ್ತಿರ ರಂಜಕ ಬೇಕು. ಬೆಳೆಗೆ ಕನಿಷ್ಠ ಅನ್ನುವುದೇ ಕೆರೆಗೆ ಆರೇಳು ಪಟ್ಟು ಜಾಸ್ತಿ.

ಕೆಸರುಕಾಲು ಅವರು ಆರು ಎಕರೆಗೆ ಆರು ಚೀಲ ಹಾಕುತ್ತಾರೆ, 50 ಕೆಜಿ ಚೀಲ ಅಂದುಕೊಂಡರೆ 60 ಕೆಜಿ ರಂಜಕ. ಹೊಲಗಳಿಂದ ಹೆಕ್ಟೇರಿಗೆ ವರ್ಷಕ್ಕೆ ಒಂದು ಕೆಜಿ ಆಸುಪಾಸು ಹರಿದು ಹೋಗುವುದು ಸಾಮಾನ್ಯ. ಆರು ಎಕರೆಗೆ ಎರಡೂವರೆ ಕೆಜಿ ಅನ್ನಿ. ಹಾಕಿದ್ದರಲ್ಲಿ ನೂರಕ್ಕೆ ನಾಲ್ಕು. ರೈತನಿಗೆ ಅದು ನಷ್ಟ ಅಂತಲೂ ಗೊತ್ತಾಗುವುದಿಲ್ಲ, ಆದರೆ ಹೊಂಡ ತಡೆದುಕೊಳ್ಳುವ ಇಪ್ಪತ್ತು ಪಟ್ಟು ಅದು. ಆದ್ದರಿಂದ ಗೊಬ್ಬರ ಪೋಲಾಗುತ್ತಿದೆ ಉಳಿಸಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ. ಉಳಿಯುವುದು ಅಷ್ಟು ಕಡಿಮೆ.

ಎರಡೆತ್ತು
ಶುರುವಾಯ್ತು ನೋಡಿ. ಎಲ್ಲದಕ್ಕೂ ರೈತನೇ ಕಾರಣ. ಊರು ಊರಿನ ಚರಂಡಿ ಕೆರೆಗೆ ಬಿಡುತ್ತಾರೆ, ಅದರ ಬಗ್ಗೆ ಒಬ್ಬರೂ ಮಾತಾಡುವುದಿಲ್ಲ. ಸಾಬೂನು ನೀರು, ಕಕ್ಕಸಿನ ನೀರು, ಎಲ್ಲದರಲ್ಲೂ ಈ ರಂಜಕ ಇಲ್ವಾ? ನಮ್ಮ ಒಂದು ಚೀಲ ಡಿಎಪಿ ಮೇಲೆ ಎಲ್ಲರ ಕಣ್ಣು.

ಹಳ್ಳದದಂಡೆ
ಎರಡೆತ್ತು ಅಣ್ಣ, ನಿಮ್ಮ ಮಾತು ಅರ್ಧ ಸರಿ. ಚರಂಡಿ ಬರುವ ಕೆರೆಯಲ್ಲಿ ಹೊಲದ ಪಾಲು ಹುಡುಕುತ್ತ ಕೂರುವುದು ದಂಡ. ಆದರೆ ಯಾರದ್ದು ಎಷ್ಟು ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಹಳ್ಳದ ನೀರನ್ನು ಎರಡು ಸಲ ಹಿಡಿಯಿರಿ, ಒಂದು ಮಳೆ ಇಲ್ಲದ ತಿಂಗಳಲ್ಲಿ, ಒಂದು ಜೋರು ಮಳೆ ಬಂದ ಒಂದು ಗಂಟೆಯೊಳಗೆ. ಚರಂಡಿ ದಿನಾ ಬರುತ್ತದೆ, ಹಾಗಾಗಿ ನೀರು ಕಡಿಮೆ ಇದ್ದಾಗ ಅದರ ಸಾಂದ್ರತೆ ಏರುತ್ತದೆ, ಮಳೆ ಬಂದರೆ ತೆಳುವಾಗುತ್ತದೆ. ಹೊಲದ್ದು ಉಲ್ಟಾ. ಮಳೆ ಬಂದಾಗಲೇ ಏರುತ್ತದೆ. ಕೆಸರುಕಾಲು ಅವರ ಹೊಂಡಕ್ಕೆ ಚರಂಡಿ ಇಲ್ಲ ಅನ್ನಿಸುತ್ತದೆ, ಹಾಗಾಗಿ ಇಲ್ಲಿ ಬೇರೆಯವರ ಕಡೆ ಬೆರಳು ತೋರಿಸಿ ಪ್ರಯೋಜನ ಇಲ್ಲ.

ಕೆಸರುಕಾಲು
ಇಲ್ಲ, ಚರಂಡಿ ಇಲ್ಲ. ಮೇಲೆ ನನ್ನ ಹೊಲ, ಅದರ ಮೇಲೆ ಗುಡ್ಡದ ಕುರುಚಲು ಕಾಡು.

ಸುಮ್ನೆ ಕೇಳ್ದೆ
ರಂಜಕವೇ ಅಂತ ಹೇಗೆ ಗ್ಯಾರಂಟಿ? ಯೂರಿಯಾ ಕೂಡ ಹಾಕುತ್ತಾರಲ್ಲ, ಸಾರಜನಕ ಇರಬಾರದಾ?

ಮಣ್ಣುಹುಳ
ಒಳ್ಳೆಯ ಪ್ರಶ್ನೆ. 1960ರ ದಶಕದ ಕೊನೆಯಲ್ಲಿ ಇದೇ ದೊಡ್ಡ ಜಗಳವಾಗಿತ್ತು, ಇಂಗಾಲವೇ ಕಾರಣ ಅಂತ ವಾದ ಮಾಡಿದವರೂ ಇದ್ದರು. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆ ಅಂತಲೇ ಬಿಟ್ಟ ಕೆರೆಗಳಿವೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಜೊತೆಗಾರರು ಅಲ್ಲಿನ 226ನೇ ಕೆರೆಯ ಕಿರಿದಾದ ನಡು ಭಾಗದಲ್ಲಿ ಪ್ಲಾಸ್ಟಿಕ್ ಪರದೆ ಎಳೆದು ಕೆರೆಯನ್ನು ಎರಡು ಮಾಡಿದರು. ಒಂದು ಕಡೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕ. ವಿಮಾನದಿಂದ ತೆಗೆದ ಫೋಟೊ ನೋಡಿದರೆ ಸಾಕು, ಪರದೆಯ ಆಚೆ ರಂಜಕ ಹಾಕದ ಕಡೆ ಕಪ್ಪು ನೀರು, ರಂಜಕ ಹಾಕಿದ ಕಡೆ ಹಾಲು ಬೆರೆಸಿದ ಹಸಿರು. ವಾದ ಬಹುಮಟ್ಟಿಗೆ ಅಲ್ಲಿಗೆ ನಿಂತಿತು.

ಕಾರಣ ಸರಳ. ನೀಲಿ-ಹಸಿರು ಪಾಚಿ ಅನ್ನುತ್ತೇವಲ್ಲ, ನಿಜವಾಗಿ ಅದು ಬ್ಯಾಕ್ಟೀರಿಯಾ. ಅದರಲ್ಲಿ ಕೆಲವು ಜಾತಿಗಳು ಗಾಳಿಯಿಂದಲೇ ಸಾರಜನಕ ತೆಗೆದುಕೊಳ್ಳುತ್ತವೆ. ರಂಜಕ ಗಾಳಿಯಲ್ಲಿ ಇಲ್ಲ, ಯಾರಾದರೂ ತಂದುಕೊಡಬೇಕು. ಸಾರಜನಕದ ಪಾತ್ರವೇ ಇಲ್ಲ ಅಂತಲ್ಲ, ಸಮುದ್ರದಂಚಿನಲ್ಲಿ ಅದು ಜಾಸ್ತಿ, ವಿಷ ಉಂಟುಮಾಡುವ ಕೆಲವು ಜಾತಿಗಳಿಗೂ ಅದು ಬೇಕು. ಆದರೆ ಹೊಂಡ, ಕೆರೆ ಅಂದಾಗ ಮೊದಲು ರಂಜಕವನ್ನೇ ನೋಡಿ.

ತಿಪ್ಪೆರಾಯ
ನಾನಂತೂ ಹದಿನೈದು ವರ್ಷದಿಂದ ಒಂದು ಕಾಳು ರಾಸಾಯನಿಕ ಹಾಕಿಲ್ಲ. ಕೋಳಿ ಗೊಬ್ಬರ, ಕೊಟ್ಟಿಗೆ ಗೊಬ್ಬರ ಅಷ್ಟೇ. ಡಿಎಪಿ ಬಿಟ್ಟುಬಿಡಿ, ಹೊಂಡ ತಾನಾಗೇ ತಿಳಿಯಾಗುತ್ತದೆ.

ಲ್ಯಾಬ್ ಅಕ್ಕ
ತಿಪ್ಪೆರಾಯರೇ, ನಿಮ್ಮ ಮಣ್ಣು ಕೊನೆಯದಾಗಿ ಪರೀಕ್ಷೆ ಮಾಡಿಸಿದ್ದು ಯಾವಾಗ? ಬೇಜಾರು ಮಾಡ್ಕೋಬೇಡಿ, ನಮ್ಮಲ್ಲಿಗೆ ಬರುವ ಮಾದರಿಗಳಲ್ಲಿ ರಂಜಕ ಮಿತಿ ಮೀರಿದ್ದರೆ ನಾನು ಮೊದಲು ಕೇಳುವ ಪ್ರಶ್ನೆಯೇ ‘ಕೋಳಿ ಗೊಬ್ಬರ ಹಾಕ್ತೀರಾ’ ಅಂತ.

ಬೆಳೆ ಒಂದು ಪಾಲು ರಂಜಕ ತಗೊಂಡರೆ ಸಾರಜನಕ ಏಳೆಂಟು ಪಾಲು ತಗೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಈ ಅಳತೆ ಒಂದಕ್ಕೆ ಮೂರೋ ನಾಲ್ಕೋ, ಕೋಳಿಯದ್ದರಲ್ಲಿ ಇನ್ನೂ ಕಡಿಮೆ. ಹಾಗಾಗಿ ಸಾರಜನಕಕ್ಕೆ ಸಾಕಾಗುವಷ್ಟು ಗೊಬ್ಬರ ಹಾಕಿದರೆ ರಂಜಕ ಬೇಕಾದ್ದಕ್ಕಿಂತ ಎರಡು ಪಟ್ಟು ಹೋಗಿರುತ್ತದೆ. ವರ್ಷ ವರ್ಷ ಅದು ಮಣ್ಣಲ್ಲೇ ಕೂರುತ್ತದೆ. ಪಾಚಿಗೆ ಸಾವಯವ, ರಾಸಾಯನಿಕ ಅನ್ನೋ ಭೇದ ಇಲ್ಲ.

ಕೋಳಿ ಗೊಬ್ಬರದಲ್ಲಿ ಯಾಕೆ ಅಷ್ಟು ಅಂದರೆ, ಕಾಳುಗಳಲ್ಲಿರುವ ರಂಜಕದ ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿರುತ್ತದೆ. ಕೋಳಿ, ಹಂದಿಗಳ ಹೊಟ್ಟೆಯಲ್ಲಿ ಅದನ್ನು ಒಡೆಯುವ ಶಕ್ತಿ ಅಷ್ಟಾಗಿ ಇಲ್ಲ, ತಿಂದದ್ದು ಹಾಗೇ ಹೊರಗೆ ಬರುತ್ತದೆ. ಫೈಟೇಸ್ ಅನ್ನುವ ಕಿಣ್ವವನ್ನು ಮೇವಿಗೆ ಬೆರೆಸಿದರೆ ಗೊಬ್ಬರದ ರಂಜಕ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಯುತ್ತದೆ. ಹಸು, ಎಮ್ಮೆಗೆ ಇದು ಬೇಡ, ಅವುಗಳ ಹೊಟ್ಟೆಯಲ್ಲಿ ಇರುವ ಸೂಕ್ಷ್ಮಜೀವಿಗಳೇ ಒಡೆಯುತ್ತವೆ.

ತಿಪ್ಪೆರಾಯ
ಪರೀಕ್ಷೆ ಮಾಡಿಸಿಲ್ಲ. ಮಾಡಿಸ್ತೀನಿ. ಆದರೆ ಗೊಬ್ಬರ ಕೆಟ್ಟದ್ದು ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ ಅಕ್ಕ.

ಲ್ಯಾಬ್ ಅಕ್ಕ
ನಾನೂ ಹಾಗೆ ಹೇಳಲಿಲ್ಲ 🙂 ಗೊಬ್ಬರ ಮಣ್ಣಿಗೆ ಇಂಗುವ ಗುಣ ಕೊಡುತ್ತದೆ, ನೀರು ಹರಿಯುವುದೇ ಕಡಿಮೆಯಾಗುತ್ತದೆ. ಎಷ್ಟು, ಎಲ್ಲಿ, ಯಾವಾಗ ಅನ್ನುವುದಷ್ಟೇ ಪ್ರಶ್ನೆ.

ಕೆಸರುಕಾಲು ಅವರೇ, ನಿಮಗೆ ಎರಡು ಕೆಲಸ. ಮಣ್ಣನ್ನು ಒಂದೇ ಮಾದರಿ ಮಾಡಬೇಡಿ. ಮೇಲೆ, ಮಧ್ಯ, ಕೆಳಗೆ ಮೂರು ಬೇರೆ ಮಾಡಿ. ಎರಡನೆಯದು ನೀರು. ಬಾಟಲಿಯನ್ನು ಸೋಪಿನಲ್ಲಿ ತೊಳೆಯಬೇಡಿ. ನಮಗೆ ಬರುವ ವಿಚಿತ್ರ ಫಲಿತಾಂಶಗಳಲ್ಲಿ ಎಷ್ಟೋ ಬಾಟಲಿಯ ಸೋಪಿನದ್ದೇ. ಹಿಡಿಯುವ ನೀರಿನಲ್ಲೇ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿ, ತಣ್ಣಗಿಟ್ಟು ಅದೇ ದಿನ ತಲುಪಿಸಿ. ‘ಒಟ್ಟು ರಂಜಕ’ ಮತ್ತು ‘ಕರಗಿದ ರಂಜಕ’ ಎರಡೂ ಬೇಕು ಅಂತ ಬಾಯಿಬಿಟ್ಟು ಕೇಳಿ. ಮತ್ತೆ ವರದಿಯಲ್ಲಿ ‘ಫಾಸ್ಫೇಟ್’ ಅಂತಿದೆಯಾ ‘ರಂಜಕ’ ಅಂತಿದೆಯಾ ನೋಡಿ, ಮೊದಲನೆಯದಾದರೆ ಮೂರರಿಂದ ಭಾಗಿಸಬೇಕು. ಇದನ್ನು ಗಮನಿಸದೆ ಹೆದರಿದವರೂ ಇದ್ದಾರೆ, ನಿಶ್ಚಿಂತೆಯಾಗಿ ಕೂತವರೂ ಇದ್ದಾರೆ.

ಹಳ್ಳದದಂಡೆ
ನನ್ನದೊಂದು ಸೇರಿಸುತ್ತೇನೆ. ಜೋರು ಮಳೆಯಲ್ಲಿ ಛತ್ರಿ ಹಿಡಿದು ಹೊಲಕ್ಕೆ ಹೋಗಿ. ನಿಂತ ಮೇಲೆ ಅಲ್ಲ, ಬರುತ್ತಿರುವಾಗ. ನೀರು ಎಲ್ಲಿ ಹರಿಯುತ್ತದೆ ಅಂತ ಕಣ್ಣಾರೆ ನೋಡಿ. ಒಂದು ಜಲಾನಯನದಿಂದ ಹೋಗುವ ರಂಜಕದಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಎಂಬತ್ತು ಭಾಗ ನೂರಕ್ಕೆ ಇಪ್ಪತ್ತು ಜಾಗದಿಂದಲೇ ಬರುತ್ತದೆ ಅನ್ನುವ ಮಾತಿದೆ. ಅದೂ ವರ್ಷದ ನಾಲ್ಕೈದು ದೊಡ್ಡ ಮಳೆಗಳಲ್ಲಿ. ಎಲ್ಲಿ ರಂಜಕ ಜಾಸ್ತಿ ಇದೆಯೋ, ಅದೇ ಜಾಗದಲ್ಲಿ ನೀರೂ ಹರಿಯುತ್ತದೆಯೋ, ಅದು ಮುಖ್ಯ. ರಂಜಕ ಇದ್ದು ನೀರು ಹರಿಯದಿದ್ದರೆ ತೊಂದರೆ ಇಲ್ಲ, ನೀರು ಹರಿದರೂ ಮಣ್ಣಲ್ಲಿ ರಂಜಕ ಇಲ್ಲದಿದ್ದರೂ ತೊಂದರೆ ಇಲ್ಲ. ಎರಡೂ ಸೇರಿದ ಜಾಗ ಹುಡುಕಿ.

ಒಂಟಿಸಾಲು
ಪಾಚಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರೆ ಎರಡು ದಿನದಲ್ಲಿ ಸಾಯುತ್ತದಲ್ಲ. ಇಷ್ಟೆಲ್ಲ ಯಾಕೆ?

ಮಣ್ಣುಹುಳ
ಸಾಯುತ್ತದೆ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಉಳಿದ ಮೀನೂ ಹೋಗುತ್ತವೆ. ವಿಷ ಇರುವ ಜಾತಿಯಾದರೆ ಜೀವಕೋಶ ಒಡೆದು ಆ ವಿಷವೆಲ್ಲ ಒಮ್ಮೆಲೇ ನೀರಿಗೆ. ರಂಜಕ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ, ಒಂದು ತಿಂಗಳಿಗೆ ಮತ್ತೆ ಹಸಿರು. ಮೇಲಿಂದ ತಾಮ್ರ ಹೂಳಿನಲ್ಲಿ ಸೇರುತ್ತದೆ. ಮತ್ತೆ, ಹಸಿರು ಕೆನೆ ಕಟ್ಟಿದ ನೀರನ್ನು ದನಕ್ಕೆ, ನಾಯಿಗೆ ಕುಡಿಯಲು ಬಿಡಬೇಡಿ. ಕುದಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಆ ವಿಷ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಇದೇ ಆಗಿ ಸುಮಾರು ನಾಲ್ಕು ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಅಂತ ಹೇಳಬೇಕಾಯಿತು. ಅವರ ನೀರು ಬರುವುದು ಈರಿ ಸರೋವರದಿಂದ.

ಹಳ್ಳದದಂಡೆ
ಈರಿ ಕಥೆ ಕೆಸರುಕಾಲು ಅವರ ಕಥೆಯ ದೊಡ್ಡಣ್ಣ. 1972ರಲ್ಲಿ ಅಮೆರಿಕ, ಕೆನಡಾ ಎರಡೂ ಒಪ್ಪಂದ ಮಾಡಿಕೊಂಡು ಚರಂಡಿ ನೀರು ಶುದ್ಧ ಮಾಡಿದವು, ಸಾಬೂನಿನ ಫಾಸ್ಫೇಟ್ ಇಳಿಸಿದವು. ಸರೋವರ ತಿಳಿಯಾಯಿತು, ಎಲ್ಲರೂ ಬೆನ್ನು ತಟ್ಟಿಕೊಂಡರು. 1990ರ ದಶಕದ ಮಧ್ಯದಿಂದ ಮತ್ತೆ ಹಸಿರು. ವಿಚಿತ್ರ ಏನೆಂದರೆ ಆ ಹೊತ್ತಿಗೆ ರೈತರು ಮಣ್ಣು ಕೊಚ್ಚದ ಹಾಗೆ ಉಳುಮೆ ಕಡಿಮೆ ಮಾಡಿದ್ದರು. ಹೂಳು ಇಳಿದಿತ್ತು. ಕರಗಿದ ರಂಜಕ ಏರಿತ್ತು!

ಉಳುಮೆ ಬಿಟ್ಟರೂ ಗೊಬ್ಬರ ಮೇಲೆ ಎರಚುವುದು ಬಿಡದಿದ್ದರೆ ಏನಾಗುತ್ತದೆ? ರಂಜಕ ಮಣ್ಣಿನೊಳಗೆ ಓಡಾಡುವುದಿಲ್ಲ, ಬಿದ್ದಲ್ಲೇ ಅಂಟಿಕೊಳ್ಳುತ್ತದೆ. ಮಗುಚುವವರಿಲ್ಲ. ಮೇಲಿನ ಎರಡು ಮೂರು ಇಂಚಿನಲ್ಲೇ ವರ್ಷ ವರ್ಷ ಪದರ ಕಟ್ಟುತ್ತದೆ. ಮಳೆ ನೀರು ಸವರಿಕೊಂಡು ಹೋಗುವುದು ಅದೇ ಪದರವನ್ನು. ಮೇಲಿಂದ ಆ ಕಡೆ ಹೊಲದಡಿ ಬಸಿಯುವ ಕೊಳವೆಗಳು, ಕರಗಿದ್ದೆಲ್ಲ ಅದರಲ್ಲಿ ಸೀದಾ ಹಳ್ಳಕ್ಕೆ. ಕಾರಣ ಇದೊಂದೇ ಅಂತ ಯಾರೂ ಹೇಳುವುದಿಲ್ಲ, ಮಳೆಯ ರೀತಿಯೂ ಬದಲಾಗಿದೆ. ಆದರೆ ಮಣ್ಣು ಕೊಚ್ಚುವುದು ನಿಂತರೆ ರಂಜಕವೂ ನಿಂತ ಹಾಗೆ ಅಂತ ಅಂದುಕೊಳ್ಳುವುದು ತಪ್ಪು ಅಂತ ಅಲ್ಲಿ ಚೆನ್ನಾಗಿ ಗೊತ್ತಾಯಿತು.

ಕೆಸರುಕಾಲು ಅವರೇ, ನೀವು ಡಿಎಪಿ ಹೇಗೆ ಹಾಕುತ್ತೀರಿ? ಎರಚುತ್ತೀರಾ, ಕೂರಿಗೆಯಲ್ಲಿ ಬಿಡುತ್ತೀರಾ?

ಕೆಸರುಕಾಲು
ಎರಚುತ್ತೇವೆ. ಬಿತ್ತುವ ಹಿಂದಿನ ದಿನ. ಮೋಡ ಕಟ್ಟಿದ್ದು ನೋಡಿ ಹಾಕಿದರೆ ಮಳೆಗೆ ಕರಗಿ ಮಣ್ಣಿಗೆ ಇಳಿಯುತ್ತದೆ ಅಂತ ಅಪ್ಪ ಹೇಳಿಕೊಟ್ಟಿದ್ದು.

ಮಣ್ಣುಹುಳ
ಯೂರಿಯಾ ಆಗಿದ್ದರೆ ತುಂತುರು ಮಳೆ ಒಳ್ಳೆಯದೇ, ಅಪ್ಪ ಹೇಳಿದ್ದರಲ್ಲಿ ಅರ್ಥ ಇದೆ. ಡಿಎಪಿಗೆ ಈ ಲೆಕ್ಕ ತಿರುವುಮುರುವು. ಎರಚಿದ ಮೇಲೆ ಬರುವ ಮೊದಲ ಜೋರು ಮಳೆಯೇ ಅತಿ ಹೆಚ್ಚು ಕೊಂಡೊಯ್ಯುವುದು. ಒಂದೆರಡು ವಾರ ಬಿಟ್ಟರೆ ಅಷ್ಟರಲ್ಲಿ ಮಣ್ಣಿಗೆ ಅಂಟಿಕೊಂಡಿರುತ್ತದೆ. ಅದಕ್ಕಿಂತ ಒಳ್ಳೆಯದು ಎರಚದೇ ಇರುವುದು. ಬೀಜದ ಪಕ್ಕಕ್ಕೆ ಎರಡು ಇಂಚು, ಕೆಳಗೆ ಎರಡು ಇಂಚು, ಸಾಲಿನಲ್ಲಿ ಬಿಟ್ಟು ಮಣ್ಣು ಮುಚ್ಚಿ. ಎಳೆ ಬೇರಿಗೂ ಹತ್ತಿರ ಸಿಗುತ್ತದೆ, ಕಡಿಮೆ ಹಾಕಿದರೂ ನಡೆಯುತ್ತದೆ.

ಕೆಸರುಕಾಲು
(ಒಂಬತ್ತು ದಿನದ ನಂತರ)
ನಿನ್ನೆ ಸಂಜೆ ಒಳ್ಳೆ ಮಳೆ. ಛತ್ರಿ ತಗೊಂಡು ಹೋದೆ, ಛತ್ರಿ ಹಾರಿ ಹೋಯಿತು, ಅದು ಬೇರೆ ವಿಷಯ.

ನನ್ನ ಹುಲ್ಲಿನ ಪಟ್ಟಿ ಎಷ್ಟು ಚಂದ ನಿಂತಿತ್ತು ಅಂದರೆ ಅದರ ಮುಕ್ಕಾಲು ಭಾಗಕ್ಕೆ ನೀರೇ ಬರುತ್ತಿರಲಿಲ್ಲ. ಹೊಲದ ನೀರೆಲ್ಲ ಅಡ್ಡ ಓಡಿ ಎಡಗಡೆಯ ಟ್ರ್ಯಾಕ್ಟರ್ ದಾರಿಗೆ ಇಳಿಯುತ್ತದೆ. ಚಕ್ರದ ಗಾಡಿಜಾಡು ಎರಡು, ಒಂದೊಂದೂ ಮೊಣಕಾಲಿನ ಅರ್ಧ ಆಳ, ಅದರಲ್ಲಿ ಕಂದು ನೀರು ಕಾಲುವೆ ಹಾಗೆ ಓಡುತ್ತಿದೆ. ಆ ದಾರಿ ತಿಪ್ಪೆಯ ಪಕ್ಕದಲ್ಲೇ ಹೋಗುತ್ತದೆ. ತಿಪ್ಪೆಯ ಬುಡದಿಂದ ಚಹಾ ಬಣ್ಣದ ನೀರು ಜಿನುಗಿ ಅದಕ್ಕೆ ಸೇರುತ್ತಿತ್ತು. ಅಲ್ಲಿಂದ ಪಟ್ಟಿಯ ಅಂಚಿನಲ್ಲಿ ನಾನು ಟ್ರ್ಯಾಕ್ಟರ್ ಇಳಿಯಲಿ ಅಂತ ಬಿಟ್ಟ ಒಂದು ಬಾಯಿ ಇದೆಯಲ್ಲ, ಅದರಲ್ಲಿ ದಡದಡ ಅಂತ ಹೊಂಡಕ್ಕೆ. ಆ ನೀರಿನ ಒಂದು ಹನಿಯೂ ಹುಲ್ಲಿಗೆ ತಾಗಲಿಲ್ಲ. ಎರಡು ವರ್ಷ ನಾನು ಬೇಲಿ ಹಾಕಿ ಗೇಟು ತೆರೆದಿಟ್ಟಿದ್ದೆ.

ಎರಡು ಬಾಟಲಿ ಹಿಡಿದೆ. ಒಂದು ಆ ಬಾಯಿಯಲ್ಲಿ, ಇನ್ನೊಂದು ಹುಲ್ಲಿನ ಮೂಲಕ ಬಂದ ಸ್ವಲ್ಪ ನೀರು. ಸೋಪು ಹಾಕಿಲ್ಲ ಅಕ್ಕ!

ಸುಮ್ನೆ ಕೇಳ್ದೆ
ಗೇಟು ತೆರೆದಿಟ್ಟ ಬೇಲಿ 😂 ನಮ್ಮ ಹೊಲವನ್ನೂ ನೋಡಬೇಕು ಅನ್ನಿಸ್ತಿದೆ ಈಗ.

ಕೆಸರುಕಾಲು
(ಮೂರು ವಾರದ ನಂತರ)
ವರದಿ ಬಂತು. ಮಣ್ಣು, ಓಲ್ಸನ್ ವಿಧಾನ (ಬೆಳೆಗೆ ಸಿಗುವ ರಂಜಕ ಅಳೆಯುವ ಒಂದು ಪರೀಕ್ಷೆ): ಮೇಲಿನ ಎಕರೆ 11 ಪಿಪಿಎಂ (ಹತ್ತು ಲಕ್ಷ ಪಾಲಿಗೆ 11), ಮಧ್ಯದ ಮೂರು ಎಕರೆ 34, ಕೆಳಗಿನ ಎರಡು ಎಕರೆ 61. ನೀರು, ಲೀಟರಿಗೆ ಮಿಲಿಗ್ರಾಂ: ಬಾಯಿಯಲ್ಲಿ ಒಟ್ಟು 1.4, ಅದರಲ್ಲಿ ಕರಗಿದ್ದು 1.1. ಹುಲ್ಲಿನ ಕಡೆ ಒಟ್ಟು 0.35. ರಂಜಕದ ಲೆಕ್ಕದಲ್ಲೇ ಇದೆ, ಫಾಸ್ಫೇಟ್ ಅಲ್ಲ, ಕೇಳಿ ಖಾತ್ರಿ ಮಾಡಿಕೊಂಡೆ.

ಲ್ಯಾಬ್ ಅಕ್ಕ
ಶಭಾಷ್. ಕೆಳಗಿನ ಎರಡು ಎಕರೆಗೆ ಕೊಟ್ಟಿಗೆ ಗೊಬ್ಬರ ಜಾಸ್ತಿ ಬೀಳುತ್ತದಾ?

ಕೆಸರುಕಾಲು
ತಿಪ್ಪೆ ಅಲ್ಲೇ ಇರುವುದು, ಹತ್ತಿರ ಅಂತ ಅಲ್ಲಿಗೇ ಮೊದಲು. ಮೇಲಿನ ಎಕರೆಗೆ ಹೋಗುವ ಹೊತ್ತಿಗೆ ಗೊಬ್ಬರವೂ ಮುಗಿದಿರುತ್ತದೆ, ಮೈಯಲ್ಲಿ ಕಸುವೂ ಮುಗಿದಿರುತ್ತದೆ.

ಲ್ಯಾಬ್ ಅಕ್ಕ
ಎಲ್ಲರ ಹೊಲದಲ್ಲೂ ಇದೇ. ನಕ್ಷೆ ನೋಡಿದರೆ ತಿಪ್ಪೆ ಎಲ್ಲಿತ್ತು ಅಂತ ಹೇಳಬಹುದು.

ಓಲ್ಸನ್‌ನಲ್ಲಿ 20-25 ದಾಟಿದ ಮೇಲೆ ಬಹುತೇಕ ಬೆಳೆಗಳು ಹೊಸದಾಗಿ ಹಾಕಿದ ರಂಜಕಕ್ಕೆ ಹೆಚ್ಚು ಇಳುವರಿ ಕೊಡುವುದಿಲ್ಲ. ಹುಳಿ ಮಣ್ಣಿನವರು ಗಮನಿಸಿ, ನಿಮಗೆ ಬ್ರೇ ವಿಧಾನ, ಅದರ ಅಂಕಿ ಬೇರೆ, ಇದಕ್ಕೆ ಹೋಲಿಸಬೇಡಿ. 61 ಅನ್ನುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆಯುತ್ತಿರುವ ಬ್ರಾಡ್‌ಬಾಕ್ ಪ್ರಯೋಗದ ಹೊಲ ಇದೆ. ಅಲ್ಲಿ ಬಸಿದು ಬರುವ ನೀರನ್ನು ಅಳೆದು 1995ರಲ್ಲಿ ಪ್ರಕಟಿಸಿದರು. ಓಲ್ಸನ್ ರಂಜಕ ಸುಮಾರು 60 ಆಗುವವರೆಗೆ ನೀರಿನಲ್ಲಿ ಅಷ್ಟಾಗಿ ಏನೂ ಇಲ್ಲ. ಅದು ದಾಟಿದ ಮೇಲೆ ಕಟ್ಟೆ ಒಡೆದ ಹಾಗೆ ಏರುತ್ತದೆ. ಮಣ್ಣಿನ ಕಣಗಳಲ್ಲಿ ಹಿಡಿದುಕೊಳ್ಳುವ ಜಾಗ ತುಂಬಿತು ಅಂತ ಅರ್ಥ. ನಿಮ್ಮ ಮಣ್ಣಿಗೆ ಅದೇ 60 ಅನ್ವಯಿಸಬೇಕು ಅಂತಿಲ್ಲ, ಮಣ್ಣಿಂದ ಮಣ್ಣಿಗೆ ಬೇರೆ. ಆದರೆ ನೀವು ಅಂಚಿನಲ್ಲಿ ಇದ್ದೀರಿ.

ಕೆಳಗಿನ ಎರಡು ಎಕರೆಗೆ ಡಿಎಪಿ ಪೂರ್ತಿ ನಿಲ್ಲಿಸಿ, ಗೊಬ್ಬರವೂ ಬೇಡ. ಸಾರಜನಕಕ್ಕೆ ಯೂರಿಯಾ ಸಾಕು. ಮಧ್ಯದ್ದಕ್ಕೂ ನಿಲ್ಲಿಸಬಹುದು. ಮೇಲಿನದಕ್ಕೆ ಹಾಕಿ, ಅದಕ್ಕೆ ನಿಜಕ್ಕೂ ಬೇಕು.

ಎರಡೆತ್ತು
ನಿಲ್ಲಿಸಿ ಅನ್ನುವುದು ಸುಲಭ ಅಕ್ಕ. ಇಳುವರಿ ಬಿದ್ದರೆ ನಿಮ್ಮ ಲ್ಯಾಬ್ ಕೊಡುತ್ತದಾ? ನಾನು ಒಂದು ವರ್ಷ ಬಿಟ್ಟು ನೋಡಿದ್ದೇನೆ, ಪೈರು ಶುರುವಲ್ಲಿ ಕೆನ್ನೇರಳೆ ಬಣ್ಣಕ್ಕೆ ತಿರುಗಿ ಮುದುಡಿಕೊಂಡಿತು.

ಮಣ್ಣುಹುಳ
ಎರಡೆತ್ತು ಅಣ್ಣನ ಭಯ ಸುಮ್ನೆ ಅಲ್ಲ. ಮಣ್ಣು ತಣ್ಣಗೆ, ಒದ್ದೆಯಾಗಿದ್ದರೆ ಎಳೆ ಬೇರು ರಂಜಕ ಎಳೆದುಕೊಳ್ಳಲಾರದು, ಮಣ್ಣಲ್ಲಿ ಎಷ್ಟೇ ಇದ್ದರೂ ಆ ಬಣ್ಣ ಬರುತ್ತದೆ. ಬೇರು ಇಳಿದ ಮೇಲೆ ಹಲವು ಸಲ ತಾನಾಗೇ ಹೋಗುತ್ತದೆ. ನಿಮ್ಮ ಹೊಲದ ಅಂಕಿ ಎಷ್ಟಿತ್ತು? 10ರ ಕೆಳಗೆ ಇದ್ದರೆ ನೀವು ಬಿಟ್ಟಿದ್ದು ತಪ್ಪೇ.

ಕೆಸರುಕಾಲು ಅವರಿಗೆ ನನ್ನ ಸಲಹೆ, ಲ್ಯಾಬ್‌ನವರನ್ನೂ ನಂಬಬೇಡಿ, ನನ್ನನ್ನೂ ನಂಬಬೇಡಿ. ಮಧ್ಯದ ಹೊಲದಲ್ಲಿ ನಾಲ್ಕು ಸಾಲಿಗೆ ಡಿಎಪಿ ಬಿಡಿ, ಪಕ್ಕದ ನಾಲ್ಕಕ್ಕೆ ಬೇಡ. ಗೂಟ ಹೊಡೆದು ಗುರುತು ಮಾಡಿ, ಕಟಾವಲ್ಲಿ ಬೇರೆ ಬೇರೆ ತೂಗಿ. ಡಿಎಪಿಯಲ್ಲಿ ಸಾರಜನಕವೂ ಇದೆ, 50 ಕೆಜಿಗೆ 9 ಕೆಜಿ. ಹಾಕದ ಸಾಲಿಗೆ ಅಷ್ಟು ಯೂರಿಯಾ ಸೇರಿಸಿ. ಇಲ್ಲದಿದ್ದರೆ ಸಾರಜನಕದ ಕೊರತೆ ನೋಡಿ ರಂಜಕದ್ದು ಅನ್ನುತ್ತೀರಿ.

ಲೆಕ್ಕವನ್ನೂ ನೋಡಿ. ಒಂದು ಟನ್ ಧಾನ್ಯ ಹೊಲದಿಂದ ಒಯ್ಯುವ ರಂಜಕ ಸುಮಾರು 3 ಕೆಜಿ. ನಿಮಗೆ ಎಕರೆಗೆ ಎರಡು ಟನ್ ಬಂದರೂ 6 ಕೆಜಿ. ಒಂದು ಚೀಲ ಡಿಎಪಿಯಲ್ಲೇ 10 ಕೆಜಿ ಬರುತ್ತದೆ, ಗೊಬ್ಬರದ್ದು ಬೇರೆ. ಇಪ್ಪತ್ತು ವರ್ಷ ಹೀಗೆ ಮಾಡಿದರೆ 61 ಆಗದೆ ಇನ್ನೇನು. ಇಳಿಯುವುದೂ ಅಷ್ಟೇ ನಿಧಾನ, 61ರಿಂದ 25ಕ್ಕೆ ಬರಲು ಹತ್ತು ವರ್ಷ ಹಿಡಿದರೂ ಆಶ್ಚರ್ಯ ಇಲ್ಲ. ಅಷ್ಟು ವರ್ಷ ಆ ರಂಜಕ ನಿಮಗೆ ಪುಕ್ಕಟೆ.

ಹಳ್ಳದದಂಡೆ
ತಿಪ್ಪೆ ಮೊದಲು ಎತ್ತಿ. ನೀರಿನ ದಾರಿಯಿಂದ ದೂರ, ದಿಣ್ಣೆ ಮೇಲೆ, ಮೇಲೊಂದು ಹೊದಿಕೆ, ಸುತ್ತ ಒಂದು ಸಣ್ಣ ಬದು. ಟ್ರ್ಯಾಕ್ಟರ್ ದಾರಿಗೆ ಇಪ್ಪತ್ತು ಮೂವತ್ತು ಹೆಜ್ಜೆಗೊಂದು ಓರೆ ದಿಬ್ಬ ಹಾಕಿ ನೀರನ್ನು ಹುಲ್ಲಿನ ಕಡೆ ತಿರುಗಿಸಿ, ಒಂದೇ ಕಡೆ ನುಗ್ಗದೆ ಹರಡಿಕೊಂಡು ಇಳಿಯಬೇಕು. ಪಟ್ಟಿಯ ಬಾಯಿ ಮುಚ್ಚಿ. ಹತ್ತು ಮೀಟರ್ ಬೇಡವೇ ಬೇಡ.

ಮತ್ತೆ ಆ ಹುಲ್ಲನ್ನು ಕೊಯ್ಯುತ್ತೀರಾ? ಕೊಯ್ದು ಹೊರಗೆ ಒಯ್ಯದಿದ್ದರೆ ಅದು ಹೀರಿದ ರಂಜಕ ಒಣಗಿ ಬಿದ್ದು ಮತ್ತೆ ನೀರಿಗೇ. ಕೊಯ್ದು ದನಕ್ಕೆ ಹಾಕಿ. ಆದರೆ ದನವನ್ನು ಅಲ್ಲೇ ಬಿಟ್ಟು ಮೇಯಿಸಬೇಡಿ, ಹೊಂಡದ ಅಂಚಿಗೇ ಸಗಣಿ ಹಾಕುತ್ತವೆ.

ಕೆಸರುಕಾಲು
(ಹತ್ತು ತಿಂಗಳ ನಂತರ)
ಹಳೆಯ ಚರ್ಚೆ ಎಬ್ಬಿಸುತ್ತಿದ್ದೇನೆ. ತಿಪ್ಪೆ ಎತ್ತಿದೆ, ಮೂರು ದಿನದ ಕೆಲಸ, ಬೆನ್ನು ಇನ್ನೂ ನೆನಪು ಮಾಡುತ್ತದೆ. ದಾರಿಗೆ ಐದು ಓರೆ ದಿಬ್ಬ, ಬಾಯಿ ಮುಚ್ಚಿದೆ. ಗುರುತು ಮಾಡಿದ ಸಾಲುಗಳಲ್ಲಿ ಡಿಎಪಿ ಹಾಕಿದ್ದು 41 ಕೆಜಿ, ಹಾಕದ್ದು 40 ಕೆಜಿ. ಎರಡೆತ್ತು ಅಣ್ಣ, ನಾನೇ ತೂಗಿದ್ದು. ಮೊದಲ ಜೋರು ಮಳೆಯಲ್ಲಿ ಹೊಂಡಕ್ಕೆ ಬೀಳುವ ನೀರು 0.4, ಮುಂಚೆ 1.4 ಇತ್ತು.

ಆದರೂ ಹೊಂಡ ಹಸಿರೇ. ಎರಡು ವಾರ ತಡವಾಗಿ ಶುರುವಾಯಿತು, ಕೆನೆ ಕಡಿಮೆ ಕಟ್ಟಿತು, ಅಷ್ಟೇ. ಬೇಜಾರಾಗಿದೆ.

ಮಣ್ಣುಹುಳ
ಅದು ಹೊಂಡದ ತಳದ್ದು. ಇಷ್ಟು ವರ್ಷ ಬಂದ ಹೂಳಿನಲ್ಲಿ ರಂಜಕ ಕಬ್ಬಿಣಕ್ಕೆ ಅಂಟಿ ಕೂತಿದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಆ ಗಂಟು ಬಿಚ್ಚಿಕೊಂಡು ರಂಜಕ ಮತ್ತೆ ಮೇಲೆ ಬರುತ್ತದೆ. ಒಳಬರುವುದನ್ನು ಕಡಿಮೆ ಮಾಡಿದ 35 ಕೆರೆಗಳ ದಾಖಲೆ ಒಟ್ಟಿಗೆ ನೋಡಿ 2005ರಲ್ಲಿ ಬರೆದಿದ್ದಾರೆ, ನೀರಿನ ರಂಜಕ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಹೆಚ್ಚಿನ ಕಡೆ 10ರಿಂದ 15 ವರ್ಷ ಹಿಡಿದಿದೆ. ನಿಮ್ಮದು ಕೆರೆ ಅಲ್ಲ, ಹೊಂಡ. ಬೇಸಿಗೆಯಲ್ಲಿ ಒಣಗುತ್ತದಾ?

ಕೆಸರುಕಾಲು
ಒಣಗುತ್ತದೆ, ಎರಡು ತಿಂಗಳು.

ಮಣ್ಣುಹುಳ
ಹಾಗಾದರೆ ಅದೃಷ್ಟವಂತರು. ಹೂಳು ಎತ್ತಿ. ಕೆರೆಯವರಿಗೆ ಈ ಭಾಗ್ಯ ಇಲ್ಲ.

ಕೆಸರುಕಾಲು
ಎತ್ತಿದ್ದನ್ನು ಕೆಳಗಿನ ಹೊಲಕ್ಕೆ ಹರಡಲಾ? ಹತ್ತಿರ.

ಲ್ಯಾಬ್ ಅಕ್ಕ
ಮತ್ತೆ ‘ಹತ್ತಿರ’!! 61 ಇರುವ ಜಾಗಕ್ಕೆ ಹಾಕಿದರೆ ಮುಂದಿನ ಮಳೆಗೆ ವಾಪಸ್ ಹೊಂಡಕ್ಕೆ. 11 ಇರುವ ಮೇಲಿನ ಎಕರೆಗೆ ಹಾಕಿ. ಡಿಎಪಿ ಕೂಡ ಕಡಿಮೆಯಾಗುತ್ತದೆ.

ಕೆಸರುಕಾಲು
ಮೇಲಿನ ಎಕರೆಗೆ ಹೋಗಲು ಇರುವುದೇ ಆ ಟ್ರ್ಯಾಕ್ಟರ್ ದಾರಿ. ಕಷ್ಟಪಟ್ಟು ಹಾಕಿದ ಐದು ದಿಬ್ಬದ ಮೇಲೆ ಹೂಳಿನ ಟ್ರೈಲರ್ ಹತ್ತಬೇಕು.

ಹಳ್ಳದದಂಡೆ
ಹತ್ತಲಿ ಬಿಡಿ. ನೆಲ ಗಟ್ಟಿ ಇರುವಾಗಲೇ ಸಾಗಿಸಿ ಮುಗಿಸಿ, ದಿಬ್ಬ ಕುಸಿದರೆ ಮೊದಲ ಮಳೆಗೆ ಮುಂಚೆ ಗುದ್ದಲಿ ತಗೊಂಡು ಮತ್ತೆ ಕಟ್ಟಿ. ಈ ಸಲ ಸ್ವಲ್ಪ ಅಗಲ ಮಾಡಿ, ಎತ್ತರ ಕಡಿಮೆ ಇರಲಿ, ಚಕ್ರಕ್ಕೂ ಹಿತ, ನೀರಿಗೂ ಅಡ್ಡ.

ಎರಡೆತ್ತು
41, 40 ಅನ್ನುವುದು ನಾಲ್ಕು ಸಾಲಿನ ತೂಕವಾ? ಸಾಲಿನ ಉದ್ದ ಎಷ್ಟು? ನಾನೂ ಈ ಸಲ ಗೂಟ ಹೊಡೆಯುತ್ತೇನೆ.